ಕಂದು ಚೀಟಿಯವರು ಕೊನೆಗೆ

ಹತ್ತುವ ಮೊದಲು

ಹಡಗು ಹತ್ತುವುದು ಹೇಗೆಂದು ಹೇಳಿಕೊಡಲು ನಮ್ಮ ರಾಯದುರ್ಗದಲ್ಲಿ ಹತ್ತು ಜನ ಸಿಕ್ಕರು. ತಲೆ ತಿರುಗಿದರೆ ನಿಂಬೆಹಣ್ಣು ಮೂಸಬೇಕು ಅಂದರು, ಕೆಳಗೆ ನೀರು ನೋಡಬಾರದು ಅಂದರು. ಇಳಿಯುವುದು ಹೇಗೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಈ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಇಷ್ಟು ದಿನ ತಿರುಗಬೇಕಾಗಿರಲಿಲ್ಲ.

ನಮ್ಮದು ಜೀನ್ಸ್ ಪ್ಯಾಂಟು ಹೊಲಿಯುವ ಮನೆ. ಕೆಳಗೆ ಇಪ್ಪತ್ತು ಮೆಷಿನ್ನು, ಮೇಲೆ ನಾವು. ಹೊಲಿಗೆಗೆ ಬರುವ ದಾರ ಒಂದು ದೊಡ್ಡ ಕಂಪನಿಯದು. ಆ ಕಂಪನಿಯವರು ಊರಿನಲ್ಲಿ ಹೆಚ್ಚು ದಾರ ಕೊಂಡ ಹನ್ನೆರಡು ಮನೆಯವರನ್ನು ಜೋಡಿ ಸಮೇತ ಸಿಂಗಪೂರಿಗೆ ಕರೆದೊಯ್ದು, ನಾಲ್ಕು ದಿನ ಹಡಗಿನಲ್ಲಿ ಮಲೇಷಿಯಾ ಕಡೆ ಸುತ್ತಿಸಿ, ಆಮೇಲೆ ಮೂರು ದಿನ ಸಿಂಗಪೂರು ತೋರಿಸುತ್ತೇವೆ ಅಂದರು. ನಾನು ಬೇಡವೆಂದೆ. ಬಸುರಿ ಮಗಳು ಸುಜಾತಳಿಗೆ ಆಗ ಎಂಟು ತಿಂಗಳು ತುಂಬಿತ್ತು. ಅವಳನ್ನು ಕೊಟ್ಟಿರುವುದು ಮಡಕಶಿರದ ಆಚೆ ರೊಳ್ಳಕ್ಕೆ, ರೇಷ್ಮೆ ಹುಳು ಸಾಕುವ ಮನೆಗೆ. ಚೊಚ್ಚಲ ಹೆರಿಗೆ ತವರಿನದು. ಏಳರಲ್ಲೇ ಕರೆತರಬೇಕಿತ್ತು, ಅವರ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತೆಂದು ತಡವಾಯಿತು.

"ಡಾಕ್ಟ್ರು ಇನ್ನಾ ಮೂರು ವಾರ ಐತಿ ಅಂದಾರ," ಅಂದರು ನಮ್ಮನೆಯವರು. "ವಾರದಾಗ ಹೋಗಿ ಬರೋದು. ಬಂದ ಮಾರನೇ ದಿನ ಹೋಗಿ ಕರಕೊಂಡು ಬರೋಣು. ಹನ್ನೊಂದು ಜೋಡಿ ಹೊಂಟು ನಾವೊಬ್ರೇ ಕುಂತ್ರ ಏನಂತಾರ?"

ಏನಂದರೂ ಅನ್ನಲಿ ಎಂದು ನಾನು ಕೂರಬೇಕಿತ್ತು. ಕೂರಲಿಲ್ಲ. ಅದು ನನ್ನ ತಪ್ಪು. ಮುಂದಿನ ತಪ್ಪುಗಳನ್ನು ಹೇಳುವ ಮೊದಲು ಇದನ್ನು ನನ್ನ ಹೆಸರಿಗೆ ಬರೆದುಕೊಂಡಿದ್ದೇನೆ.

ನೀರಿನ ಮೇಲೆ

ಹಡಗೆಂದರೆ ದೋಣಿಯ ದೊಡ್ಡಣ್ಣನೆಂದು ಎಣಿಸಿದ್ದೆ. ಅದು ನೀರಿನ ಮೇಲೆ ನಿಲ್ಲಿಸಿದ ಹದಿನಾಲ್ಕು ಅಂತಸ್ತಿನ ಲಾಡ್ಜು. ಒಳಗಿದ್ದರೆ ಸಮುದ್ರವೇ ಕಾಣುವುದಿಲ್ಲ. ಬಿಳಿಯರು ಮೇಲಿನ ಅಂತಸ್ತಿನಲ್ಲಿ, ಅಂಗಳದಲ್ಲಿ ಶೇಂಗಾ ಹರವಿದ ಹಾಗೆ ಸಾಲಾಗಿ ಬಿಸಿಲಿಗೆ ಬಿದ್ದಿರುತ್ತಾರೆ. ಒಂದು ಮಗ್ಗುಲು ಕಾದ ಮೇಲೆ ಇನ್ನೊಂದು ಮಗ್ಗುಲು. ನಮ್ಮ ಸೀಮೆಯ ಬಿಸಿಲನ್ನು ಇವರಿಗೆ ಬಿಟ್ಟಿ ಕೊಡುತ್ತಿದ್ದೆನಲ್ಲ ಅನ್ನಿಸಿತು.

ಊಟದ ಸಾಲಿನಲ್ಲಿ ನಮ್ಮವರ ನಡತೆ ನೋಡಿ ತಲೆ ತಗ್ಗಿಸಿದೆ. ಒಂದೊಂದು ತಟ್ಟೆಯಲ್ಲಿ ಮೂರು ಜನರ ಊಟ ತುಂಬಿಕೊಂಡು ಅರ್ಧ ಬಿಟ್ಟೇಳುತ್ತಿದ್ದರು. ಮೊಸರಿತ್ತು, ಅದಕ್ಕೂ ಸಕ್ಕರೆ ಸುರಿದಿಟ್ಟಿದ್ದರು. ಎರಡನೆಯ ದಿನ ಅಡುಗೆಯವರಲ್ಲಿ ಒಬ್ಬ ತಮಿಳಿನವನು ನನ್ನ ಮುಖ ನೋಡಿ ಒಳಗಿನಿಂದ ಒಂದು ಬಟ್ಟಲು ಬರೀ ಮೊಸರು ತಂದುಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ. ಮನೆಯಿಂದ ಒಯ್ದಿದ್ದ ಹುಣಸೆಕಾಯಿ ತೊಕ್ಕು ಹಚ್ಚಿಕೊಂಡು ಉಂಡು, ಮುರಡಿ ಆಂಜನೇಯನಿಗೆ ಕೈ ಮುಗಿದೆ. ಅವನ ಸಣ್ಣ ಪಟವನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಸಮುದ್ರ ದಾಟಿದವನು ಅವನೊಬ್ಬನೇ ನಮ್ಮ ಕಡೆಯವನು.

ಕೌಲಾಲಂಪುರದ ಬಂದರು, ಗುರುವಾರ

ಸಮುದ್ರದಲ್ಲಿ ಫೋನು ಸತ್ತಿರುತ್ತದೆ. ಬಂದರಿಗೆ ಬಂದಾಗ ಜೀವ ಬರುತ್ತದೆ. ಗುರುವಾರ ಮಧ್ಯಾಹ್ನ ಜೀವ ಬಂದ ಕೂಡಲೇ ಬೀಗಿತ್ತಿ ಲಕ್ಷ್ಮಕ್ಕ ಮಾತಾಡಿದರು.

"ನೋಡಮ್ಮ, ಗಾಬರಿ ಆಗ್‌ಬ್ಯಾಡ. ಹಿಂದೂಪುರದಾಗೆ ಆಸ್ಪತ್ರೆಗೆ ಹಾಕಿದೀವಿ. ಮಗೀನ ಸುತ್ತ ನೀರು ಕಮ್ಮಿ ಆಗೈತಂತೆ. ನಾಳೆ ಮಧ್ಯಾನ್ನ ಮೂರು ಗಂಟೆಗೆ ಆಪರೇಸನ್ನು ಅಂದವ್ರೆ."

"ಸುಜಾತ ಹೆಂಗದಾಳ್ರಿ?"

"ಅವಳಿಗೇನಾಗೈತೆ, ಬಾಯಿ ಜೋರಾಗೇ ಐತೆ. ನಮ್ಮವ್ವ ಬರಗಂಟ ನಾನು ಒಳಕ್ಕೋಗಲ್ಲ ಅಂತ ಹಟ ಹಿಡಿದವ್ಳೆ. ನೀವೇ ಹೇಳ್ರಿ."

ಫೋನು ಮಗಳ ಕೈಗೆ ಹೋಯಿತು. ಅವಳು ಅಳಲಿಲ್ಲ. "ನೀ ಬಾ ಅಷ್ಟ," ಅಂದಳು. "ಬರೋತನಕ ನಾ ಸಹಿ ಹಾಕಂಗಿಲ್ಲ."

ಹಡಗು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸಿಂಗಪೂರಿನ ದಡ ಮುಟ್ಟುವುದಿತ್ತು. ದಾರದ ಕಂಪನಿಯಿಂದ ನಮ್ಮ ಜೊತೆ ಬಂದಿದ್ದ ಪ್ರಕಾಶ್ ಎಂಬ ಬೆಂಗಳೂರಿನವರು, ಪಾಪ, ಓಡಾಡಿ ನಮ್ಮಿಬ್ಬರ ಟಿಕೇಟು ಬದಲಾಯಿಸಿದರು. ಒಂಬತ್ತು ನಲವತ್ತರ ವಿಮಾನ ಸಿಕ್ಕರೆ ನಮ್ಮ ಗಡಿಯಾರದ ಹನ್ನೆರಡರೊಳಗೆ ಬೆಂಗಳೂರು, ಎರಡಕ್ಕೆ ಹಿಂದೂಪುರ. ಅದು ತಪ್ಪಿದರೆ ಮುಂದಿನದರಲ್ಲಿ ಜಾಗ ಸಿಗುವುದು ಶನಿವಾರವೇ.

"ಅಮ್ಮಾ, ಇಳಿಯೋದಕ್ಕೆ ಬಣ್ಣಬಣ್ಣದ ಚೀಟಿ ಇರುತ್ತೆ," ಎಂದು ಪ್ರಕಾಶ್ ಬಿಡಿಸಿ ಹೇಳಿದರು. "ಸಂಜೆಯೇ ಪೆಟ್ಟಿಗೆಗೆ ಕಟ್ಟಿ ರೂಮಿನ ಹೊರಗಿಡಬೇಕು. ಅವರೇ ಒಯ್ದು ಕೆಳಗಿಳಿಸ್ತಾರೆ. ಬೆಳಿಗ್ಗೆ ಯಾವ ಬಣ್ಣ ಕೂಗ್ತಾರೋ ಆ ಬಣ್ಣದವರು ಇಳಿಯೋದು. ಬೇಗ ವಿಮಾನ ಇರೋರಿಗೆ ಕೆಂಪು, ಅವರೇ ಮೊದಲು. ನಮ್ಮ ಉಳಿದವರದು ಕಂದು, ಕೊನೆಗೆ. ನಿಮಗೆ ಎರಡು ಕೆಂಪು ಕೇಳಿ ತಂದಿದ್ದೀನಿ."

ಅವನ್ನು ನಮ್ಮನೆಯವರ ಕೈಗೆ ಕೊಟ್ಟರು. ನನ್ನ ಕೈಗೆ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಡಗು ಬಂದರು ಬಿಡುವ ತನಕ ನಾನು ಮೇಲಿನ ಅಂತಸ್ತಿನ ಕಂಬಿ ಹಿಡಿದು ಮಗಳೊಂದಿಗೆ ಮಾತಾಡಿದೆ. ಸಿಗ್ನಲ್ಲು ಕಡ್ಡಿ ಕಡ್ಡಿಯಾಗಿ ಇಳಿದು ಹೋಯಿತು. ಕೆಳಗೆ ಬಂದರೆ ಪೆಟ್ಟಿಗೆ ಕಟ್ಟಿ ಹೊರಗಿಟ್ಟಾಗಿತ್ತು. ಒಂದು ಕೆಲಸವಾದರೂ ತಾವೇ ಮಾಡಿದರಲ್ಲ ಎಂದು ಸಮಾಧಾನಪಟ್ಟೆ.

ಸಿಂಗಪೂರಿನ ದಡ, ಶುಕ್ರವಾರ ಬೆಳಿಗ್ಗೆ

ಐದಕ್ಕೆ ಎದ್ದು ಸ್ನಾನ ಮಾಡಿ ಪಟಕ್ಕೆ ಕೈ ಮುಗಿದೆ. ಶುಕ್ರವಾರ ನನ್ನದು ಒಪ್ಪತ್ತು. ರಾತ್ರಿಯ ತನಕ ನೀರು ಬಿಟ್ಟು ಬೇರೇನೂ ಇಲ್ಲ. ನಮ್ಮನೆಯವರು ಎದ್ದವರು ಸುತ್ತಮುತ್ತ ನೋಡಿದರು. ಮಂಚದ ಕೆಳಗೆ ಬಗ್ಗಿದರು. ಬಚ್ಚಲಿಗೆ ಹೋಗಿ ಬಂದರು.

"ನನ್ನ ಪ್ಯಾಂಟು ಎಲ್ಲೈತಿ?"

"ಪೆಟ್ಟಿಗಿ ಕಟ್ಟಿದವ್ರು ನೀವು. ನನ್ನ ಕೇಳ್ತೀರಲ್ಲ."

ಇದ್ದಬದ್ದ ಪ್ಯಾಂಟೆಲ್ಲ ಮಡಚಿ ಒಳಗಿಟ್ಟು, ತೊಟ್ಟದ್ದನ್ನೂ ಬಿಚ್ಚಿ ಮೇಲಿಟ್ಟು, ಬೀಗ ಹಾಕಿ ಹೊರಗಿಟ್ಟು ಮಲಗಿದ್ದರು. ಮೈಮೇಲೆ ಉಳಿದದ್ದು ಒಂದು ಬಿಳಿ ಶರಟು, ಒಂದು ಚೌಕುಳಿ ಲುಂಗಿ. ದಿನಕ್ಕೆ ಮುನ್ನೂರು ಪ್ಯಾಂಟು ಕೈದಾಟಿಸುವ ಮನುಷ್ಯ!

ಇರಲಿ, ಕೆಂಪು ಚೀಟಿಯವರು ಮೊದಲು ಇಳಿಯುತ್ತೇವಲ್ಲ, ಕೆಳಗೆ ಪೆಟ್ಟಿಗೆ ಸಿಕ್ಕ ಕೂಡಲೇ ತೊಟ್ಟುಕೊಳ್ಳಿ ಅಂದೆ. ಆಗ ಅವರು ಗಂಟಲು ಸರಿಮಾಡಿಕೊಂಡರು.

"ಕೆಂಪು ಇಲ್ಲ. ಬ್ರೌನ್ ಕಟ್ಟೀನಿ."

"ಏನಂದ್ರಿ?"

"ಹೊರಗ ನೋಡ್ತೀನಿ, ನಮ್ಮೋರವು ಎಲ್ಲಾ ಪೆಟ್ಟಿಗಿ ಬ್ರೌನು, ನಮ್ಮವೆರಡೇ ಕೆಂಪು. ಎದಿ ಧಸಕ್ ಅಂತು. ಲಾಟ್ ಒಡದ್ರ ಪೀಸು ಕೈಗೆ ಸಿಗ್ತದೇನು? ಕೌಂಟರಿಗೆ ಹೋಗಿ ಕೆಂಪು ವಾಪಸ್ ಕೊಟ್ಟು ಬ್ರೌನ್ ಇಸಗೊಂಡು ಬಂದೆ. ಎಲ್ಲಾ ಒಂದೇ ಲಾಟ್."

ಇದನ್ನು ಹೊಲಿಗೆಯ ಮನೆಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜೀನ್ಸ್ ಬಟ್ಟೆಯ ಒಂದೊಂದು ಸುರುಳಿಯ ನೀಲಿ ಒಂದೊಂದು ತರಹ. ಒಂದು ಸುರುಳಿಯಲ್ಲಿ ಕತ್ತರಿಸಿದ ಕಾಲು, ಜೇಬು, ಪಟ್ಟಿ ಎಲ್ಲಕ್ಕೂ ಒಂದೇ ನಂಬರಿನ ಚೀಟಿ ಅಂಟಿಸಿ ಒಂದೇ ಗಂಟಾಗಿ ಕಟ್ಟುತ್ತಾರೆ. ಅದೇ ಲಾಟು. ಗಂಟು ಒಡೆದು ಬೆರೆತರೆ, ತೊಳೆದ ಮೇಲೆ ಒಂದು ಕಾಲು ಕಪ್ಪು, ಒಂದು ಕಾಲು ಬೂದಿ. ಇಪ್ಪತ್ತು ವರ್ಷ ಲಾಟು ಒಡೆಯಬೇಡ್ರೋ ಎಂದು ಕೂಗಿ ಕೂಗಿ ನಮ್ಮನೆಯವರ ರಕ್ತದಲ್ಲಿ ಅದು ಸೇರಿಹೋಗಿದೆ. ಆದರೆ ನಾವು ಜೇಬಿನ ಪಟ್ಟಿಯೇ? ಹೆರಿಗೆಗೆ ಓಡುವ ಜನ!

"ಅಲ್ರೀ, ಚೀಟಿ ಪೆಟ್ಟಿಗಿಗಲ್ಲ, ನಮಗ. ಆ ಬಣ್ಣ ಕೂಗೋತನಕ ಇಳಿಯಾಕ ಬಿಡಂಗಿಲ್ಲ ಅಂತ ಆ ಪ್ರಕಾಶ್ ಬಾಯಿ ನೋಯೋವಂಗ ಹೇಳಿದ್ರಲ್ಲ!"

"ಪೆಟ್ಟಿಗೀದು ಅಂತ ತಿಳದೆ," ಅಂದರು.

ಐದನೆಯ ಅಂತಸ್ತು

ಇಳಿಯುವ ಬಾಗಿಲು ಐದನೆಯ ಅಂತಸ್ತಿನಲ್ಲಿ. ಅಲ್ಲಿ ನಮ್ಮ ಊರಿನ ಇಪ್ಪತ್ತೆರಡು ಜನವೂ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಲುಂಗಿ ಕಂಡದ್ದೇ ಗಂಡಸರೆಲ್ಲ ಎದ್ದು ನಿಂತರು.

"ಇದೇನ್ರೀ ವೀರೇಶಣ್ಣ, ಅತ್ತೀ ಮನಿಗೆ ಹೊಂಟೀರೇನು?"

ಪ್ಯಾಂಟು ಯಾರ ಬಳಿಯೂ ಇನ್ನೊಂದಿರಲಿಲ್ಲ. ಒಬ್ಬರು ತಮ್ಮದನ್ನೇ ಬಿಚ್ಚಿ ಕೊಡಲು ತಯಾರಾದರು, ಆದರೆ ಅವರ ಸೊಂಟ ಮೂವತ್ತೆರಡು, ನಮ್ಮನೆಯವರದು ನಲವತ್ತು. ಸೊಂಟದ ಪಟ್ಟಿ ಬಿಚ್ಚಿದರೆ ಎಷ್ಟು ಸಿಗುತ್ತದೆ, ಹಿಂದಿನ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ಐದಾರು ಜನ ಅವರ ಹಿಂಭಾಗ ಹಿಡಿದು ನೋಡತೊಡಗಿದರು. ಗಡಿಯಾರ ಏಳು ದಾಟಿತ್ತು. ನನ್ನ ಮಗಳು ಹಿಂದೂಪುರದ ಮಂಚದ ಮೇಲೆ ಸಹಿ ಹಾಕದೆ ಕೂತಿದ್ದಾಳೆ, ಇವರು ಹೊಲಿಗೆ ಅಳೆಯುತ್ತಿದ್ದಾರೆ!

"ಏನು ಜನ್ರೀ ನೀವು!" ಅಂದೆ. ನನ್ನ ಗಂಟಲು ನನಗೇ ಜೋರೆನಿಸಿತು. "ಲುಂಗಿ ಉಟ್ಟೋರನ್ನ ವಿಮಾನ ಹತ್ತಿಸಿಕೊಳ್ಳಂಗಿಲ್ಲ ಅಂತ ಎಲ್ಲ್ಯಾರ ಬರದೈತೇನು? ನಡೀರಿ!"

ಪಕ್ಕದ ಬೀದಿಯ ಶಾರದಕ್ಕ ಎದ್ದು ಬಂದರು. "ನೀ ಹೋಗವ್ವ. ಪೆಟ್ಟಿಗಿ ನಾ ತರ್ತೀನಿ. ಬಿಟ್ಟು ಹೋಗು," ಅಂದರು. ಆ ಗುಂಪಿನಲ್ಲಿ ಬುದ್ಧಿಯ ಮಾತಾಡಿದವರು ಅವರೊಬ್ಬರೇ.

ಬಾಗಿಲ ಬಳಿ ಬಿಳಿ ಅಂಗಿಯ ಹೆಣ್ಣುಮಗಳು ನಿಂತಿದ್ದಳು. ಪ್ರಕಾಶ್ ಇಂಗ್ಲಿಷಿನಲ್ಲಿ ನಮ್ಮ ವಿಷಯ ಹೇಳಿದರು. ಅವಳು ನಗುತ್ತಾ ನಮ್ಮ ಚೀಟಿ ನೋಡಿ, ನಗುತ್ತಾ ಕುರ್ಚಿ ತೋರಿಸಿದಳು. ಕೆಂಪು ಚೀಟಿಯ ಪಟ್ಟಿ ಮುಚ್ಚಿಹೋಗಿದೆಯಂತೆ. ಮಧ್ಯೆ ಯಾರನ್ನಾದರೂ ಬಿಟ್ಟರೆ ಲೆಕ್ಕ ತಪ್ಪುತ್ತದಂತೆ. ಕಂದು ಕೂಗಲು ಒಂಬತ್ತಾಗುತ್ತದಂತೆ. ಪ್ರಕಾಶ್ ಮತ್ತೆ ಹೇಳಿದರು. ಅವಳು ಮತ್ತೆ ನಕ್ಕಳು. ನಮ್ಮ ಕಡೆ ಕಚೇರಿಗಳಲ್ಲಿ ಬೈಯುತ್ತಾರೆ. ಬೈದವರಿಗೆ ತಿರುಗಿ ಬೈಯಬಹುದು, ಬೈದಾಡಿ ಕೆಲಸವಾಗಿಬಿಡುತ್ತದೆ. ನಗುವವರ ಜೊತೆ ಜಗಳ ಎಲ್ಲಿಂದ ಶುರುಮಾಡುವುದು?

ನಾನೇ ಮುಂದೆ ಹೋದೆ. ಹೊಟ್ಟೆಯ ಮುಂದೆ ಕೈಯಿಂದ ದುಂಡಗೆ ಮಾಡಿ ತೋರಿಸಿದೆ. "ಡಾಟರ್. ಬೇಬಿ. ಟುಡೇ. ಆಪರೇಷನ್." ನನಗೆ ಬರುವ ಇಂಗ್ಲಿಷೆಲ್ಲ ಅಲ್ಲಿಗೆ ಮುಗಿಯಿತು. ಅವಳು "ಕಂಗ್ರಾಜುಲೇಷನ್ಸ್" ಅಂದಳು. ಮತ್ತೆ ಕುರ್ಚಿ ತೋರಿಸಿದಳು.

ರೇಷನ್ ಕಾರ್ಡಿಗಾಗಿ ನಾನು ನಮ್ಮೂರ ಮಂಡಲ ಕಚೇರಿಗೆ ನಾಲ್ಕು ಸಲ ಅಲೆದಿದ್ದೇನೆ. ಐದನೆಯ ಸಲ ಅಧಿಕಾರಿಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತೆ. ದಾಟಿ ಹೋಗಲಾರದೆ ಕೆಲಸ ಮಾಡಿಕೊಟ್ಟರು. ಕೂರುವುದು ನಮ್ಮ ಹೆಂಗಸರಿಗೆ ಗೊತ್ತಿರುವ ಒಂದೇ ಅರ್ಜಿ. ನಾನು ಹಡಗಿನ ಬಾಗಿಲಿಗೆ ಅಡ್ಡಲಾಗಿ, ಆ ಕೆಂಪು ಜಮಖಾನದ ಮೇಲೆ, ಸೆರಗು ಸುತ್ತಿಕೊಂಡು ಕೂತುಬಿಟ್ಟೆ.

ಹಿಂದೆ ಹಸಿರು ಚೀಟಿಯವರ ಸಾಲು ನಿಂತಿತು. ನನ್ನದು ಉಪವಾಸದ ಮುಖ, ಬೆವರು, ಕಣ್ಣಲ್ಲಿ ಸಿಟ್ಟಿನ ನೀರು. ಬಾಗಿಲ ಹೆಣ್ಣುಮಗಳ ನಗು ಅಷ್ಟು ಹೊತ್ತಿಗೆ ಮೊದಲ ಸಲ ಮಾಯವಾಯಿತು. ಕೈಯಲ್ಲಿನ ಯಂತ್ರಕ್ಕೆ ಏನೋ ಕೂಗಿದಳು. ಎರಡು ನಿಮಿಷದಲ್ಲಿ ಗಾಲಿಕುರ್ಚಿ ಬಂತು, ನರ್ಸು ಬಂದಳು. ಇಬ್ಬರು ನನ್ನ ತೋಳು ಹಿಡಿದು ಎತ್ತಿದರು.

"ನನಗೇನೂ ಆಗಿಲ್ಲ್ರೀ! ಬಿಡ್ರಿ!" ಅಂದೆ. ಯಾರಿಗೆ ಅರ್ಥವಾಗಬೇಕು? ಅರ್ಥವಾಗುವ ಒಬ್ಬರೇ, ನಮ್ಮನೆಯವರು, ಹತ್ತಿರ ಬಗ್ಗಿ, "ಸುಮ್ನ ಕುಂದ್ರು. ಕಾಯಿಲಿ ಇದ್ದೋರನ್ನ ಮೊದ್ಲು ಇಳಿಸ್ತಾರಂತ," ಅಂದರು. ಆ ದಿನ ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಆ ಜನರೆದುರು ಬಾಯಿ ಮುಚ್ಚಿಕೊಂಡಿದ್ದದ್ದು.

ಹಸಿರಿನವರು ಪಕ್ಕಕ್ಕೆ ಸರಿದರು. ಗಾಲಿಕುರ್ಚಿಯ ಮೇಲೆ ನಾನು, ಪಕ್ಕದಲ್ಲಿ ಲುಂಗಿ ಎತ್ತಿ ಹಿಡಿದು ನಮ್ಮನೆಯವರು. ಎಲ್ಲ ಕಡೆ ನಮಗೇ ಮೊದಲು ಬಾಗಿಲು ತೆರೆಯಿತು. ಮುದ್ರೆ ಒತ್ತುವ ಅಧಿಕಾರಿಯೂ ನನ್ನ ಮುಖ ನೋಡಿ ಬೇಗ ಒತ್ತಿದ. ನಾನು ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಕಾಲಿಲ್ಲದವರ ಕುರ್ಚಿ ಅದು. ನಾನು ಸುಳ್ಳು ಹೇಳಿಲ್ಲ, ಆಂಜನೇಯ, ನೀನೇ ಸಾಕ್ಷಿ. ನಿಜ ಹೇಳಿದ್ದೆ, ಕೈ ಆಡಿಸಿ ತೋರಿಸಿದ್ದೆ. ನಿಜಕ್ಕೆ ಕುರ್ಚಿ ತೋರಿಸಿದ ಜನ, ನೆಲಕ್ಕೆ ಕೂತಾಗ ಕುರ್ಚಿಯನ್ನೇ ತಂದರು. ಇದರಲ್ಲಿ ತಪ್ಪು ಯಾರದು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಬಂದರಿನ ಹೊರಗೆ ಕುರ್ಚಿ ಬಿಟ್ಟಿಳಿದು ನಾನು ದಡದಡ ಟ್ಯಾಕ್ಸಿಯ ಕಡೆ ಓಡಿದಾಗ, ತಳ್ಳಿಕೊಂಡು ಬಂದಿದ್ದ ಮನುಷ್ಯ ಬಾಯಿ ತೆರೆದು ನಿಂತ. ಅವನಿಗೆ ದೂರದಿಂದಲೇ ಕೈ ಮುಗಿದೆ.

ವಿಮಾನ ನಿಲ್ದಾಣ

ಸಿಂಗಪೂರಿನ ಟ್ಯಾಕ್ಸಿಯವರು ಮುದುಕರು, ಹಾರನ್ನೇ ಹೊಡೆಯುವುದಿಲ್ಲ. ಮುಂದೆ ಒಂದು ಗಾಡಿಯಿಲ್ಲ, ಪಕ್ಕದಲ್ಲಿ ಒಂದು ನಾಯಿಯಿಲ್ಲ, ಆದರೂ ಕೆಂಪು ದೀಪಕ್ಕೆ ನಿಂತೇ ನಿಂತರು. ನಮ್ಮೂರಿಂದ ಬಳ್ಳಾರಿಗೆ ಹೋಗುವ ಜೀಪಿನವನು ನೆನಪಾಗಿ, ಅವನಿಗೆ ಇಷ್ಟು ವರ್ಷ ಹಾಕಿದ ಶಾಪವನ್ನೆಲ್ಲ ವಾಪಸು ತೆಗೆದುಕೊಂಡೆ.

"ಸ್ವಲ್ಪ ಜೋರಾಗಿ ಹೋಗು ಅಂತ ಹೇಳ್ರಿ," ಅಂದೆ.

"ಹೇಳಿದೆ. ತಲಿ ಆಡಿಸಿದ."

"ಹೂಂ ಅಂತ ಆಡಿಸಿದ್ನೋ, ಊಹೂಂ ಅಂತಾನೋ?"

"ಅದೇ ತಿಳಿವಲ್ದು."

ಟಿಕೇಟಿನ ಕಟ್ಟೆ ಮುಚ್ಚಲು ಏಳು ನಿಮಿಷ ಉಳಿದಿತ್ತು. ಅಲ್ಲಿನ ಹುಡುಗಿ, ಪೆಟ್ಟಿಗೆ ಎಷ್ಟು ಎಂದು ಕೇಳಿದಳು. ಇಲ್ಲವೆಂದೆವು. ವಿದೇಶದಿಂದ ಪೆಟ್ಟಿಗೆಯಿಲ್ಲದೆ ಹೋಗುವ ನಮ್ಮ ದೇಶದವರನ್ನು ಅವಳು ಕಂಡಿರಲಿಲ್ಲವೇನೋ, ಎದ್ದು ಬಗ್ಗಿ ನಮ್ಮ ಕಾಲಬುಡ ನೋಡಿದಳು. ಅಲ್ಲಿ ಲುಂಗಿ ಕಂಡಿತು. ಕೂತು ಚೀಟಿ ಕೊಟ್ಟಳು. ಪೆಟ್ಟಿಗೆ ಇದ್ದಿದ್ದರೆ ಅದನ್ನು ತೂಗುವಷ್ಟರಲ್ಲಿ ಕಟ್ಟೆ ಮುಚ್ಚುತ್ತಿತ್ತು. ಇದನ್ನು ನಮ್ಮನೆಯವರಿಗೆ ನಾನು ಇವತ್ತಿನವರೆಗೆ ಹೇಳಿಲ್ಲ. ಹೇಳಿದರೆ ಲಾಟಿನ ಚೀಟಿ ಕಟ್ಟಿದ್ದೇ ಒಳ್ಳೆಯದಾಯಿತೆಂದು ಊರೆಲ್ಲ ಸಾರುತ್ತಾರೆ.

ವಿಮಾನದಲ್ಲಿ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ನಾನು ನಾಲ್ಕೂವರೆ ತಾಸು ಕಣ್ಣು ಬಿಟ್ಟುಕೊಂಡೇ ಅವರನ್ನು ಬೈದೆ, ಮನಸ್ಸಿನಲ್ಲಿ. ನಡುನಡುವೆ ಆಂಜನೇಯನ ದಂಡಕ ಪಠಿಸಿದೆ. ಎರಡೂ ಒಂದಕ್ಕೊಂದು ಅಡ್ಡ ಬರಲಿಲ್ಲ.

ಹಿಂದೂಪುರ

ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಎರಡೂ ಮುಕ್ಕಾಲು. ಲಕ್ಷ್ಮಕ್ಕ ಕಾರಿಡಾರಿನಲ್ಲೇ ಎದುರಾದರು. ಎರಡು ದಿನದಿಂದ ಸೀರೆ ಬದಲಾಯಿಸಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಹುಳು ಹಣ್ಣಾಗಿರುವ ಮನೆಯನ್ನು ಬಿಟ್ಟು ಬಂದು, ನಾನು ಕೂರಬೇಕಾದ ಸ್ಟೂಲಿನ ಮೇಲೆ ಅವರು ಕೂತು ಕಾದಿದ್ದರು.

"ಬಂದ್ರೇನಮ್ಮ! ಒಳಕ್ ನಡೀರಿ. ಡಾಕ್ಟ್ರಮ್ಮ ಕೂಗಾಡ್ತಾವ್ಳೆ, ಇವ್ಳು ಪೆನ್ನೇ ಮುಟ್ಟಿಲ್ಲ."

ಮಗಳ ಎದುರು ನಿಂತೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡಿರುವ ನನ್ನನ್ನು ಬಿಟ್ಟು ಹಡಗು ನೋಡಲು ಹೋದೆಯಲ್ಲ ಅಂದರೆ ಏನು ಹೇಳಬೇಕೆಂದು ಆಕಾಶದಲ್ಲೆಲ್ಲ ಜೋಡಿಸಿಕೊಂಡು ಬಂದಿದ್ದೆ.

"ಬಂದೀ?" ಅಂದಳು. "ಕೊಡ್ರಿ ಪೆನ್ನು."

ಸಹಿ ಹಾಕಿದಳು. ಬಳೆ ಬಿಚ್ಚಿ ನನ್ನ ಕೈಗಿಟ್ಟಳು. ತಾನೇ ಸ್ಟ್ರೆಚರ್ ಹತ್ತಿ ಮಲಗಿದಳು. ಬೆಳಗಿನಿಂದ ಹೊತ್ತು ತಂದಿದ್ದ ಮಾತುಗಳಲ್ಲಿ ಒಂದನ್ನೂ ಆಡಲು ಅವಳು ಜಾಗ ಬಿಡಲಿಲ್ಲ. ಬಾಗಿಲು ಮುಚ್ಚುವಾಗ ಮಾತ್ರ ತಲೆ ಹೊರಳಿಸಿ, ನಾನು ಅಲ್ಲೇ ಇದ್ದೇನೆಯೇ ಎಂದು ಒಮ್ಮೆ ನೋಡಿದಳು.

ಅರ್ಧ ತಾಸಿನ ಮೇಲೆ ಅಳು ಕೇಳಿತು. ಗಟ್ಟಿ ಅಳು, ಕಾರಿಡಾರಿನ ತುದಿಯವರೂ ತಿರುಗಿ ನೋಡಿದರು. ನರ್ಸು ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ಹಿಡಿದು ಬಂದು, "ಎವರಮ್ಮ ತೀಸ್ಕುಂಟಾರು?" ಎಂದು ತೆಲುಗಿನಲ್ಲಿ ಕೇಳಿದಳು, ಯಾರು ಇಸಕೊಳ್ಳುತ್ತೀರೆಂದು. ಲಕ್ಷ್ಮಕ್ಕನ ಕೈ ತಾನಾಗಿ ಮುಂದೆ ಹೋಗಿತ್ತು. ನನ್ನನ್ನು ನೋಡಿ ಹಿಂದಕ್ಕೆಳೆದುಕೊಂಡರು.

"ನೀವು ಇಸ್ಕಳ್ಳಮ್ಮ. ಅಷ್ಟು ದೂರದಿಂದ ಬಂದಿದ್ದೀರಿ."

ಬೆಳಗಿನಿಂದ ನಾನು ಹಸಿರಿನವರು, ಕಂದಿನವರು, ಯಾರನ್ನೂ ನೋಡದೆ ಮುಂದೆ ನುಗ್ಗಿ ಬಂದವಳು.

"ಇಲ್ಲ್ರಿ," ಅಂದೆ. "ಕಾಯ್ದವ್ರು ನೀವು. ನೀವೇ ಇಸಗೊಳ್ರಿ."

ಅವರು ಇಸಕೊಂಡರು. ಕೂಸಿನ ಮುಖ ನೋಡಲು ಅವರ ಭುಜದ ಹಿಂದೆ ನಿಂತು, ನನ್ನ ಸರದಿ ಬರುವ ತನಕ ಕಾದೆ.